ಸಮುದ್ರವಿಲ್ಲದ ಊರಿನಿಂದ ಒಂದು ಲೈಟ್‌ಹೌಸ್ ಪುರಾಣ

ಬೆಂಗಳೂರಿನವರಿಗೆ ಸಮುದ್ರ ಅಂದರೆ ಶುಕ್ರವಾರ ರಾತ್ರಿಯ ಸ್ಲೀಪರ್ ಬಸ್ಸು. ಮೆಜೆಸ್ಟಿಕ್ಕಿನಲ್ಲಿ ಹತ್ತುವುದು, ಶಿರಾಡಿ ಘಾಟಿಯಲ್ಲಿ ಹೊಟ್ಟೆ ತೊಳೆಸಿಕೊಳ್ಳುವುದು, ಬೆಳಿಗ್ಗೆ ಉಡುಪಿಯಲ್ಲಿ ಇಳಿಯುವುದು. ಕೃಷ್ಣ ಮಠ, ಮಲ್ಪೆ, ಗಡ್‌ಬಡ್ ಐಸ್‌ಕ್ರೀಮು ಮುಗಿಸಿ ಸಂಜೆ ಹೊತ್ತಿಗೆ ಕಾಪು. ಅಲ್ಲಿ ಕಡಲಂಚಿನ ಬಂಡೆಯ ಮೇಲೆ ಕಪ್ಪು ಬಿಳಿ ಪಟ್ಟೆಯ ಲೈಟ್‌ಹೌಸ್ ಇದೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಬಂದವರನ್ನು ನಾನಿನ್ನೂ ನೋಡಿಲ್ಲ. ಕತ್ತಲಾಗುವುದರೊಳಗೆ ವಾಪಸ್ ಹೊರಡಬೇಕು. ರಾತ್ರಿ ಬಸ್ಸು ಯಾರಿಗೂ ಕಾಯುವುದಿಲ್ಲ.

ಹಾಗಾಗಿ ಒಂದು ತಮಾಷೆ ಆಗಿದೆ. ನಮ್ಮಲ್ಲಿ ಬಹಳ ಜನ ಲೈಟ್‌ಹೌಸ್ ನೋಡಿದ್ದೇವೆ. ಅದು ಕೆಲಸ ಮಾಡುವುದನ್ನು ನೋಡಿಲ್ಲ.

ಹಗಲಲ್ಲಿ ಅದಕ್ಕೆ ಕೆಲಸವೇ ಇಲ್ಲ ಅಂತಲ್ಲ. ಆ ಕಪ್ಪು ಬಿಳಿ ಪಟ್ಟೆ ಚೆಂದಕ್ಕೆ ಬಳಿದದ್ದಲ್ಲ. ಕಡಲಿನಿಂದ ನೋಡಿದರೆ ನಮ್ಮ ಕರಾವಳಿ ಪೂರ್ತಿ ಒಂದೇ ತರಹ: ಮರಳು, ತೆಂಗಿನ ತೋಟ, ಹಿಂದೆ ಮಬ್ಬಾಗಿ ಘಟ್ಟ. ಯಾವ ಊರು ಯಾವುದು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಒಂದು ಗೋಪುರಕ್ಕೆ ಅಡ್ಡ ಪಟ್ಟೆ, ಇನ್ನೊಂದಕ್ಕೆ ಬೇರೆ ಬಣ್ಣ, ಮತ್ತೊಂದು ಚೌಕಾಕಾರ. ಹಗಲಿನ ಗುರುತು ಬಣ್ಣದ್ದು, ರಾತ್ರಿಯ ಗುರುತು ಬೆಳಕಿನದ್ದು.

ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಶೆಟ್ರು. ಕಾಪು ಕಡೆಯವರು. ಸರಕು ಹಡಗುಗಳಲ್ಲಿ ಆಫೀಸರ್ ಆಗಿದ್ದು ನಿವೃತ್ತರಾಗಿ, ಮಗಳ ಮನೆ ಅಂತ ವಿಜಯನಗರಕ್ಕೆ ಬಂದವರು. ಊಟ ಆದ ಮೇಲೆ ಟೆರೇಸಿನಲ್ಲಿ ಓಡಾಡುವುದು ಅವರ ಅಭ್ಯಾಸ. ಅಲ್ಲಿಂದ ನೋಡಿದರೆ ಸುತ್ತಲೂ ಎತ್ತರದ ಕಟ್ಟಡಗಳ ನೆತ್ತಿಯಲ್ಲಿ ಕೆಂಪು ದೀಪಗಳು. ವಿಮಾನಗಳಿಗೆ ಕಾಣಲಿ ಅಂತ ಹಾಕಿದ್ದು. ಕೆಲವು ಸುಮ್ನೆ ಉರಿಯುತ್ತವೆ, ಕೆಲವು ಮಿನುಗುತ್ತವೆ. ಶೆಟ್ರು ಅವನ್ನು ಎಣಿಸುತ್ತಾರೆ. ಜೇಬಿನಲ್ಲಿ ಹಳೆಯ ಸ್ಟಾಪ್‌ವಾಚ್ ಒಂದಿದೆ. ಕೀ ಕೊಡುವಂಥದ್ದು, ಕೊರಳಿಗೆ ಹಾಕಿಕೊಳ್ಳಲು ದಾರ ಕಟ್ಟಿದ್ದು. ಉಗುರು ತಾಗಿ ತಾಗಿ ಅದರ ಗುಂಡಿಯ ಮೇಲಿನ ಹೊಳಪೆಲ್ಲ ಹೋಗಿ ಕೆಳಗಿನ ಹಿತ್ತಾಳೆ ಕಾಣುತ್ತದೆ. ದೀಪ ಮಿನುಗಿದ ಕೂಡಲೇ ಒತ್ತುತ್ತಾರೆ, ಮತ್ತೆ ಮಿನುಗಿದಾಗ ಒತ್ತುತ್ತಾರೆ.

ನಾನು ಒಂದು ಸಲ, ಮಾತಿಗೆ, ಲೈಟ್‌ಹೌಸ್ ಹಡಗಿಗೆ ದಾರಿ ತೋರಿಸುತ್ತದೆ ಅಲ್ವಾ ಅಂದೆ. ಶೆಟ್ರಿಗೆ ಸಮಾಧಾನ ಆಗಲಿಲ್ಲ.

“ಅದು ಎಂತ ದಾರಿ ತೋರಿಸುವುದು ಮಾರಾಯ್ರೆ? ತಾನು ಎಲ್ಲಿದ್ದೇನೆ ಅಂತ ಹೇಳುವುದು, ಅಷ್ಟೇ. ನಾವು ಎಲ್ಲಿದ್ದೇವೆ ಅಂತ ಲೆಕ್ಕ ಹಾಕುವುದು ನಮ್ಮ ಕೆಲಸ. ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತೂ ಇಲ್ಲ, ಬೇಕೂ ಇಲ್ಲ.”

ಈ ಮಾತು ತಲೆಯಲ್ಲಿ ಕೂತುಬಿಟ್ಟಿತು. ಈ ಬರಹ ಶುರುವಾದದ್ದೇ ಅಲ್ಲಿಂದ.

ಲೆಕ್ಕ ಹಾಕುವುದು ಹೇಗೆ ಅಂತ ಅವರು ಟೆರೇಸಿನಲ್ಲೇ ತೋರಿಸಿದರು. ಅವೆನ್ಯೂ ರೋಡಿನಲ್ಲಿ ಕೊಂಡಿದ್ದ ಹಳೆಯ ಸಿಟಿ ಮ್ಯಾಪು, ಒಂದು ದಿಕ್ಸೂಚಿ, ಸ್ಕೇಲು, ಪೆನ್ಸಿಲು. ಮೊದಲು ನನ್ನ ಜೇಬಿನ ಬೀಗದ ಕೈ ಗೊಂಚಲನ್ನು ದೂರ ಇಡಿಸಿದರು. “ಕಬ್ಬಿಣ ಉಂಟಲ್ಲ, ಮುಳ್ಳನ್ನು ಎಳೆಯುತ್ತದೆ.” ನೀರಿನ ಟ್ಯಾಂಕಿನ ಸ್ಟ್ಯಾಂಡಿನಿಂದಲೂ ಆಚೆ ಬಂದು ನಿಂತರು. ಯುಬಿ ಸಿಟಿಯ ಗೋಪುರ ಯಾವ ಡಿಗ್ರಿಯಲ್ಲಿದೆ ಅಂತ ನೋಡಿದರು. ವರ್ಲ್ಡ್ ಟ್ರೇಡ್ ಸೆಂಟರ್ ಯಾವ ಡಿಗ್ರಿಯಲ್ಲಿದೆ ಅಂತ ನೋಡಿದರು. ಮ್ಯಾಪು ಎಷ್ಟು ಹಳೆಯದು ಅಂದರೆ ಅದರಲ್ಲಿ ಆ ಎರಡೂ ಕಟ್ಟಡ ಇರಲಿಲ್ಲ. ತಾವೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದರು. ಒಂದೊಂದು ಕಟ್ಟಡದಿಂದ ನಮ್ಮ ಕಡೆಗೆ ಒಂದೊಂದು ಗೆರೆ ಎಳೆದರು. ಗೆರೆಗಳು ಕೂಡಿದ ಜಾಗದಲ್ಲಿ ನಾವಿರಬೇಕು. ಮ್ಯಾಪಿನ ಪ್ರಕಾರ ನಾವು ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ನಿಂತಿದ್ದೆವು.

“ಕೈಯಲ್ಲಿ ಹಿಡಿದು ನೋಡಿದ್ದಕ್ಕೆ ಇಷ್ಟು ಸಾಕು,” ಅಂದರು. ಹಡಗಿನಲ್ಲಾದರೆ ಮೂರನೆಯ ಗುರುತನ್ನೂ ಹಿಡಿಯುತ್ತಾರಂತೆ. ಮೂರು ಗೆರೆ ಒಂದೇ ಚುಕ್ಕಿಯಲ್ಲಿ ಸೇರುವುದು ಅಪರೂಪ. ನಡುವೆ ಒಂದು ಪುಟ್ಟ ತ್ರಿಕೋನ ಉಳಿಯುತ್ತದೆ. ಆ ತ್ರಿಕೋನ ಎಷ್ಟು ದೊಡ್ಡದೋ ನಿಮ್ಮ ಲೆಕ್ಕವನ್ನು ಅಷ್ಟು ಅನುಮಾನದಿಂದ ನೋಡಬೇಕು.

ರಾತ್ರಿ ಇದೇ ಕೆಲಸಕ್ಕೆ ಲೈಟ್‌ಹೌಸ್. ಆದರೆ ಕಂಡ ಬೆಳಕು ಯಾವ ಲೈಟ್‌ಹೌಸಿನದು ಅಂತ ಮೊದಲು ಗೊತ್ತಾಗಬೇಕಲ್ಲ? ಸ್ಟಾಪ್‌ವಾಚ್ ಬೇಕಾಗುವುದು ಅಲ್ಲೇ. ಒಂದು ದೀಪ ಹತ್ತು ಸೆಕೆಂಡಿಗೆ ಎರಡು ಸಲ ಹೊಳೆದರೆ, ಪಕ್ಕದ್ದು ಹದಿನೈದು ಸೆಕೆಂಡಿಗೆ ಒಂದು ಸಲ. ನಕ್ಷೆಯಲ್ಲಿ ಪ್ರತಿ ದೀಪದ ಪಕ್ಕದಲ್ಲೂ ಅದರ ಲೆಕ್ಕ ಬರೆದಿರುತ್ತಾರೆ. ಅಕ್ಕಪಕ್ಕದ ದೀಪಗಳಿಗೆ ಒಂದೇ ಲೆಕ್ಕ ಬಾರದ ಹಾಗೆ ನೋಡಿಕೊಂಡಿರುತ್ತಾರೆ. ಅಂದ ಹಾಗೆ ಭಾರತದ ಕಡಲ ನಕ್ಷೆಗಳನ್ನು ತಯಾರಿಸುವ ಕಚೇರಿ ಇರುವುದು ಡೆಹ್ರಾಡೂನಿನಲ್ಲಿ, ಹಿಮಾಲಯದ ಬುಡದಲ್ಲಿ. ದೇಶದ ಲೈಟ್‌ಹೌಸ್‌ಗಳನ್ನೆಲ್ಲ ನೋಡಿಕೊಳ್ಳುವ ಮಹಾನಿರ್ದೇಶನಾಲಯದ ಮುಖ್ಯ ಕಚೇರಿ ನೋಯ್ಡಾದಲ್ಲಿ. ಬೆಂಗಳೂರಿನಲ್ಲಿ ಕೂತು ಲೈಟ್‌ಹೌಸ್ ಬಗ್ಗೆ ಬರೆಯುವುದು ಅಧಿಕಪ್ರಸಂಗ ಅನ್ನುವವರಿಗೆ ಈ ಎರಡು ಊರು ಸಾಕು.

ಕಾಪುವಿನ ಲೈಟ್‌ಹೌಸ್ ಕಟ್ಟಿದ್ದು 1901ರಲ್ಲಿ. ಎತ್ತರ ಸುಮಾರು 27 ಮೀಟರ್. ನಮ್ಮ ಊರಿನ ಈಗಿನ ಅಪಾರ್ಟ್‌ಮೆಂಟುಗಳ ಲೆಕ್ಕದಲ್ಲಿ ಒಂಬತ್ತು ಮಹಡಿ, ಏನೂ ಅಲ್ಲ. ಆದರೆ ಎತ್ತರ ಯಾಕೆ ಬೇಕು ಅನ್ನುವುದರಲ್ಲೇ ಮಜಾ ಇರುವುದು. ಭೂಮಿ ಗುಂಡಗಿದೆ. ಬೆಳಕು ಎಷ್ಟೇ ಜೋರಾಗಿದ್ದರೂ ಸ್ವಲ್ಪ ದೂರದ ಮೇಲೆ ಭೂಮಿಯ ಉಬ್ಬೇ ಅದನ್ನು ಮರೆಮಾಡುತ್ತದೆ. ಎತ್ತರವನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಎಷ್ಟು ಕಿಲೋಮೀಟರ್ ದೂರದವರೆಗೆ ಕಾಣುತ್ತದೆ ಅಂತ ಸಿಗುತ್ತದೆ. 27 ಮೀಟರಿಗೆ ಸುಮಾರು 18.5 ಕಿಲೋಮೀಟರ್. ನೋಡುವವನು ಹಡಗಿನ ಮೇಲೆ ಹತ್ತು ಮೀಟರ್ ಎತ್ತರದಲ್ಲಿ ನಿಂತಿದ್ದರೆ ಅವನ ಪಾಲಿನ 11 ಕಿಲೋಮೀಟರ್ ಸೇರುತ್ತದೆ. ಒಟ್ಟು ಹತ್ತಿರ ಹತ್ತಿರ 30. ಕಾಪುವಿನಲ್ಲಿ ಗೋಪುರವನ್ನು ಬಂಡೆಯ ಮೇಲೆ ಕಟ್ಟಿದ್ದು ಈ ಕಾರಣಕ್ಕೆ. ಬಂಡೆಯ ಎತ್ತರ ಪುಕ್ಕಟೆ.

ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಅದೇ ಲೆಕ್ಕ ಹಾಕಿ ನೋಡಿದೆ. ಇಲ್ಲಿಂದ ದೃಷ್ಟಿ 107 ಕಿಲೋಮೀಟರ್ ಹೋಗುತ್ತದೆ, ಮಧ್ಯೆ ಏನೂ ಅಡ್ಡ ಇಲ್ಲದಿದ್ದರೆ. ಕಾಪು 300 ಕಿಲೋಮೀಟರಿಗಿಂತ ಆಚೆ, ಮಧ್ಯೆ ಪಶ್ಚಿಮಘಟ್ಟ. ಶೆಟ್ರಿಗೆ ಹೇಳಿದೆ. “ಹೌದು, ಅದಕ್ಕೇ ನನಗೆ ಇಲ್ಲಿ ನಿದ್ದೆ ಬರುವುದಿಲ್ಲ,” ಅಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಇನ್ನು ಚರಿತ್ರೆ. ಎಲ್ಲರೂ ಅಲೆಕ್ಸಾಂಡ್ರಿಯಾದಿಂದ ಶುರು ಮಾಡುತ್ತಾರೆ. ಕ್ರಿಸ್ತಪೂರ್ವ 280ರ ಆಸುಪಾಸಿನಲ್ಲಿ ಈಜಿಪ್ಟಿನ ಆ ಬಂದರಿನಲ್ಲಿ ಕಟ್ಟಿದ ಗೋಪುರ ನೂರು ಮೀಟರ್ ಎತ್ತರ ಇತ್ತಂತೆ. ಪ್ರಪಂಚದ ಅದ್ಭುತಗಳ ಪಟ್ಟಿಗೂ ಸೇರಿತು. ಹದಿನಾಲ್ಕನೆಯ ಶತಮಾನದ ಭೂಕಂಪಗಳಲ್ಲಿ ಬಿದ್ದುಹೋಯಿತು. ಉಳಿದ ಜಾಗದಲ್ಲಿ ಒಬ್ಬ ಸುಲ್ತಾನ ಕೋಟೆ ಕಟ್ಟಿಸಿದ. ನನಗೆ ಅಷ್ಟು ದೊಡ್ಡದರ ಮೇಲೆ ಅಷ್ಟೇನೂ ಪ್ರೀತಿ ಇಲ್ಲ.

ಮದ್ರಾಸಿನ ಕತೆ ಅದಕ್ಕಿಂತ ಚೆನ್ನಾಗಿದೆ, ನಮಗೆ ಹತ್ತಿರವೂ ಹೌದು. ಬೆಳಿಗ್ಗೆ ಶತಾಬ್ದಿ ಹತ್ತಿದರೆ ಮಧ್ಯಾಹ್ನದೊಳಗೆ ತಲುಪಿ ನೋಡಬಹುದು. ಅಲ್ಲಿ ಲೈಟ್‌ಹೌಸ್ ಒಂದೇ ಕಡೆ ನಿಂತಿಲ್ಲ, ಬಾಡಿಗೆ ಮನೆ ಬದಲಿಸಿದ ಹಾಗೆ ಓಡಾಡಿದೆ. 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗಿನ ಕಟ್ಟಡದ ಮಾಡಿನ ಮೇಲೆ ಎಣ್ಣೆ ದೀಪ. ಆ ಕಟ್ಟಡ ಈಗ ಮ್ಯೂಸಿಯಂ. 1844ರಲ್ಲಿ ಕೋಟೆಯ ಉತ್ತರಕ್ಕೆ ಒಂದು ಎತ್ತರದ ಕಲ್ಲಿನ ಕಂಬ. ಆಮೇಲೆ ಅದರ ಪಕ್ಕದಲ್ಲೇ ಹೈಕೋರ್ಟ್ ಎದ್ದಿತು. ಕೋರ್ಟಿನ ಗುಮ್ಮಟ ಕಂಬಕ್ಕಿಂತ ಎತ್ತರ. ಇನ್ನೇನು, 1894ರಲ್ಲಿ ದೀಪವನ್ನು ಗುಮ್ಮಟದ ಮೇಲಕ್ಕೇ ಏರಿಸಿದರು. ಎಂಬತ್ತಕ್ಕೂ ಹೆಚ್ಚು ವರ್ಷ, ಕೆಳಗೆ ವಕೀಲರು ವಾದ ಮಾಡುತ್ತಿದ್ದರು, ಮೇಲೆ ದೀಪ ಹಡಗುಗಳಿಗೆ ಕಣ್ಣು ಹೊಡೆಯುತ್ತಿತ್ತು. 1977ರಲ್ಲಿ ಮರೀನಾ ಬೀಚಿನ ಈಗಿನ ಗೋಪುರ ಬಂತು. ಅದರಲ್ಲಿ ಲಿಫ್ಟ್ ಇದೆ, ಮಂಡಿ ನೋವಿನವರಿಗೂ ತೊಂದರೆ ಇಲ್ಲ. ಅಲ್ಲಿಂದ ದಕ್ಷಿಣಕ್ಕೆ ಮಹಾಬಲಿಪುರಕ್ಕೆ ಹೋದರೆ ಬಂಡೆಯ ಮೇಲೆ ಪಲ್ಲವರ ಕಾಲದ ಒಲಕ್ಕಣ್ಣೇಶ್ವರ ಗುಡಿ ಇದೆ. ಹೊಸ ಗೋಪುರ ಕಟ್ಟುವವರೆಗೆ ಬ್ರಿಟಿಷರು ಆ ಗುಡಿಯ ನೆತ್ತಿಯ ಮೇಲೇ ದೀಪ ಇಟ್ಟಿದ್ದರು.

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡನ್ ಎಂಬ ಯುದ್ಧನೌಕೆ ಮದ್ರಾಸಿನ ಮೇಲೆ ಗುಂಡು ಹಾರಿಸಿತು. ಬಂದರಿನ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಯುದ್ಧ ಶುರುವಾಗಿ ಆಗಲೇ ಏಳೆಂಟು ವಾರ. ಆದರೂ ಊರಿನ ದೀಪಗಳು ಎಂದಿನಂತೆ ಉರಿಯುತ್ತಿದ್ದವು, ಲೈಟ್‌ಹೌಸ್ ಕೂಡ. ಶತ್ರುವಿಗೂ ಅದೇ ಬೆಳಕು ಗುರಿ ಹಿಡಿಯಲು ಅನುಕೂಲವಾಯಿತು. ದೀಪಕ್ಕೆ ನೀನು ಯಾರು ಅಂತ ಕೇಳುವ ಬುದ್ಧಿ ಇಲ್ಲ.

ಇದರ ಇನ್ನೊಂದು ಮುಖವೂ ಇದೆ. ಇಂಗ್ಲೆಂಡಿನ ದಕ್ಷಿಣದ ಕಡಲಿನಲ್ಲಿ ಎಡ್ಡಿಸ್ಟೋನ್ ಅನ್ನುವ ಬಂಡೆಗಳಿವೆ. ಅಲೆ ಬಂದರೆ ಮುಳುಗುತ್ತವೆ, ಹಡಗು ಬಂದರೆ ಅದನ್ನು ಒಡೆದುಹಾಕುತ್ತವೆ. ಅಲ್ಲಿ ತನ್ನ ಹಡಗುಗಳನ್ನು ಕಳೆದುಕೊಂಡ ಹೆನ್ರಿ ವಿನ್‌ಸ್ಟಾನ್ಲಿ ಎಂಬಾತ ಅದೇ ಬಂಡೆಯ ಮೇಲೆ ಲೈಟ್‌ಹೌಸ್ ಕಟ್ಟಲು ಹೊರಟ. ಆಗ ಫ್ರಾನ್ಸ್ ಮತ್ತು ಇಂಗ್ಲೆಂಡ್ ನಡುವೆ ಯುದ್ಧ. 1697ರಲ್ಲಿ ಫ್ರೆಂಚರ ಹಡಗೊಂದು ಬಂದು ಕೆಲಸದ ಜಾಗದಿಂದಲೇ ಅವನನ್ನು ಹಿಡಿದುಕೊಂಡು ಹೋಯಿತು. ಫ್ರಾನ್ಸಿನ ರಾಜ ಹದಿನಾಲ್ಕನೆಯ ಲೂಯಿ ಅವನನ್ನು ಬಿಡಿಸಿ ಕಳಿಸಿದ ಅಂತ ಕತೆ. ತನ್ನ ಜಗಳ ಇಂಗ್ಲೆಂಡಿನ ಜೊತೆಗೆ, ಮನುಷ್ಯರ ಜೊತೆಗಲ್ಲ ಅಂದನಂತೆ. 1698ರಲ್ಲಿ ದೀಪ ಹತ್ತಿತು. ಎಂಥ ಬಿರುಗಾಳಿ ಬಂದರೂ ಜಗ್ಗುವುದಿಲ್ಲ ಅಂತ ವಿನ್‌ಸ್ಟಾನ್ಲಿಗೆ ಬಹಳ ನಂಬಿಕೆ. 1703ರ ನವೆಂಬರಿನ ಮಹಾ ಬಿರುಗಾಳಿಯ ರಾತ್ರಿ ರಿಪೇರಿಗೆ ಅಂತ ಅಲ್ಲೇ ಇದ್ದ. ಬೆಳಗಾಗುವುದರೊಳಗೆ ಗೋಪುರವೂ ಇಲ್ಲ, ಅವನೂ ಇಲ್ಲ.

ನಮ್ಮ ಕರಾವಳಿಗೆ ಬಂದರೆ, ಲೈಟ್‌ಹೌಸ್‌ಗಳು ಬಂದದ್ದು ಮೀನುಗಾರರ ಮೇಲಿನ ಕನಿಕರದಿಂದಲ್ಲ. ಮೊಗವೀರರು, ಖಾರ್ವಿಗಳು ಯಾವ ಗೋಪುರವೂ ಇಲ್ಲದ ಕಾಲದಲ್ಲೂ ನಕ್ಷತ್ರ ನೋಡಿ, ಗುಡ್ಡದ ತುದಿ ನೋಡಿ, ನೀರಿನ ಬಣ್ಣ ನೋಡಿ ಹೋಗಿ ಬಂದವರು. ದೀಪ ಬಂದದ್ದು ಸರಕಿನ ಹಿಂದೆ. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಶುರುವಾಯಿತು, ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಧಾರವಾಡ ಕಡೆಯ ಹತ್ತಿಗೆ ಒಮ್ಮೆಲೇ ಬೆಲೆ ಬಂತು. ಅದನ್ನು ಸಾಗಿಸಲು ಕಾರವಾರದ ಬಂದರು ಬೇಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದರು. ಕಾರವಾರದ ಎದುರಿನ ದೇವಗಡ ದ್ವೀಪದ ಲೈಟ್‌ಹೌಸ್ ಕೂಡ ಅದೇ ದಶಕದ್ದು. ದೂರದ ಯಾರದ್ದೋ ಯುದ್ಧ, ಇಲ್ಲಿ ಒಂದು ದೀಪ.

ಮಂಗಳೂರಿನದ್ದು ಹೆಂಚು ಮತ್ತು ಕಾಫಿಯ ಕತೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳ ಮಾಡಿನ ಮೇಲೆ ಇನ್ನೂ ಉಳಿದಿರುವುದು ಮಂಗಳೂರು ಹೆಂಚೇ. ಕೊಡಗಿನಿಂದ ಇಳಿದ ಕಾಫಿ, ಹೆಂಚು, ಎಲ್ಲ ಮಂಜಿ ಅನ್ನುವ ಹಾಯಿಹಡಗುಗಳಲ್ಲಿ ತುಂಬಿ ಹೋಗುತ್ತಿತ್ತು. ಬಾವುಟಗುಡ್ಡೆಯ ನೆತ್ತಿಯಲ್ಲಿ ಆ ಕಾಲದ ಲೈಟ್‌ಹೌಸ್ ಇದೆ. ಈಗ ಅದಕ್ಕೆ ಹಡಗಿನ ಸಹವಾಸ ಇಲ್ಲ, ಸುತ್ತ ಊರು ಬೆಳೆದಿದೆ. ಆದರೆ ಲೈಟ್‌ಹೌಸ್ ಹಿಲ್ ರೋಡ್ ಅಂದರೆ ಆಟೋದವರಿಗೆ ಇವತ್ತಿಗೂ ಗೊತ್ತು. 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಬಂತು. ಸುರತ್ಕಲ್ ಗುಡ್ಡದ ಮೇಲಿನ ಲೈಟ್‌ಹೌಸ್ ಆ ಕಾಲದ್ದು.

ಕಾಪುವಿನ ಶುರುವಿನ ದೀಪ ಸೀಮೆಎಣ್ಣೆಯದ್ದು. ಆಗ ಬೆಂಗಳೂರಿನ ಬೀದಿಗಳಲ್ಲೂ ಅದೇ ಎಣ್ಣೆ. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನಮ್ಮ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ.

ಒಂದು ಸೀಮೆಎಣ್ಣೆ ದೀಪ 30 ಕಿಲೋಮೀಟರ್ ಆಚೆಗೆ ಕಾಣುವುದು ಹೇಗೆ? ಇದರ ಉತ್ತರ ನನಗೆ ಎಸ್.ಪಿ. ರೋಡಿನಲ್ಲಿ ಸಿಕ್ಕಿತು. ಕಾಲೇಜುಗಳಲ್ಲಿ ಮುಂಚೆ ಓವರ್‌ಹೆಡ್ ಪ್ರೊಜೆಕ್ಟರ್ ಇರುತ್ತಿತ್ತಲ್ಲ, ಮೇಷ್ಟ್ರು ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆದರೆ ಗೋಡೆಯ ಮೇಲೆ ಬೀಳುತ್ತಿದ್ದದ್ದು. ಗುಜರಿಗೆ ಬಂದಿದ್ದ ಅಂಥದ್ದೊಂದರ ಗಾಜಿನ ಕೆಳಗಿನ ಹಾಳೆಯನ್ನು ಚೌಕಾಸಿ ಮಾಡಿ ತಂದೆ. ಚಪ್ಪಟೆ ಪಾರದರ್ಶಕ ಹಾಳೆ, ಸ್ಲೇಟಿನಷ್ಟು ತೆಳು. ಬೆರಳು ಆಡಿಸಿದರೆ ನುಣುಪು ಅನ್ನಿಸುತ್ತದೆ, ಉಗುರು ಆಡಿಸಿದರೆ ಕಿರ್ರ್ ಅನ್ನುತ್ತದೆ. ಬೆಳಕಿಗೆ ಓರೆ ಹಿಡಿದರೆ ವೃತ್ತದೊಳಗೆ ವೃತ್ತ, ನೂರಾರು ಗೀರುಗಳು. ಬಿಸಿಲಿಗೆ ಹಿಡಿದೆ. ಟೆರೇಸಿನ ಮೇಲೆ ಬಿದ್ದಿದ್ದ ತೆಂಗಿನ ನಾರು ಕ್ಷಣದಲ್ಲಿ ಹೊಗೆಯಾಡಿತು.

ಇದು ಆಗಸ್ಟಿನ್ ಫ್ರೆನೆಲ್ ಎಂಬ ಫ್ರೆಂಚ್ ಎಂಜಿನಿಯರನ ಯೋಚನೆ. ದೀಪದ ಬೆಳಕು ಎಲ್ಲ ಕಡೆಗೂ ಚದುರುತ್ತದೆ. ಆಕಾಶಕ್ಕೆ ಹೋದದ್ದು, ನೆಲಕ್ಕೆ ಬಿದ್ದದ್ದು ಹಡಗಿನ ಮಟ್ಟಿಗೆ ದಂಡ. ದೊಡ್ಡ ಮಸೂರ ಇಟ್ಟರೆ ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸಬಹುದು, ಆದರೆ ಆ ಗಾತ್ರದ ಮಸೂರದ ಭಾರ ತಡೆಯಲಾಗುವುದಿಲ್ಲ, ಅಷ್ಟು ದಪ್ಪ ಗಾಜಿನಲ್ಲಿ ಬೆಳಕೂ ಸೋರಿಹೋಗುತ್ತದೆ. ಫ್ರೆನೆಲ್ ನೋಡಿದ್ದು ಇಷ್ಟು: ಬೆಳಕನ್ನು ಬಗ್ಗಿಸುವುದು ಗಾಜಿನ ಮೇಲ್ಮೈ, ಹೊಟ್ಟೆಯೊಳಗಿನ ದಪ್ಪ ಅಲ್ಲ. ಹಾಗಾದರೆ ಹೊಟ್ಟೆ ತೆಗೆದು ಮೇಲ್ಮೈಯನ್ನು ಮಾತ್ರ ಬಳೆ ಬಳೆಯಾಗಿ ಜೋಡಿಸಿದರೆ ಸಾಕಲ್ಲ? 1823ರಲ್ಲಿ ಫ್ರಾನ್ಸಿನ ಕೊರ್ದುವಾನ್ ಲೈಟ್‌ಹೌಸಿನಲ್ಲಿ ಮೊದಲ ದೊಡ್ಡ ಮಸೂರ ಹತ್ತಿತು. ಅಲ್ಲಿಂದ ಪ್ರಪಂಚದ ಎಲ್ಲ ಕರಾವಳಿಗೂ ಹರಡಿತು. ಅವನು ನಾಲ್ಕೇ ವರ್ಷದಲ್ಲಿ ಕ್ಷಯದಿಂದ ಸತ್ತ. ಆಗ ಅವನಿಗೆ 39.

ತೆಂಗಿನ ನಾರಿನ ಹೊಗೆ ನೋಡಿದ ಮೇಲೆ ಶೆಟ್ರು ಹೇಳಿದ್ದು ಅರ್ಥವಾಯಿತು. ಲೈಟ್‌ಹೌಸ್ ಕಾಯುವವರು ಬೆಳಗಾದ ಕೂಡಲೇ ಮಸೂರದ ಸುತ್ತ ಪರದೆ ಎಳೆಯುತ್ತಿದ್ದರಂತೆ. ಇಲ್ಲದಿದ್ದರೆ ಸೂರ್ಯನ ಬಿಸಿಲು ಹಿಂದುಮುಂದಾಗಿ ಬಂದು ದೀಪವನ್ನೇ ಸುಡುತ್ತದೆ. ಅವರ ಹಗಲೆಲ್ಲ ಇಂಥ ಕೆಲಸಗಳಲ್ಲೇ ಕಳೆಯುತ್ತಿತ್ತು. ಗಾಜು ಒರೆಸು, ಬತ್ತಿ ಕತ್ತರಿಸು, ಎಣ್ಣೆ ಹೊತ್ತು ಮೇಲೆ ಸಾಗಿಸು. ರಾತ್ರಿ ಮಸೂರವನ್ನು ತಿರುಗಿಸುವ ಗಡಿಯಾರದ ಯಂತ್ರಕ್ಕೆ ಕೆಲವು ಗಂಟೆಗೊಮ್ಮೆ ಕೀ ಕೊಡು. ಯಂತ್ರ ನಿಧಾನವಾದರೆ ಹತ್ತು ಸೆಕೆಂಡಿನ ದೀಪ ಹದಿನೈದು ಸೆಕೆಂಡಿನದಾಗುತ್ತದೆ. ಕಡಲಲ್ಲಿರುವವನ ಪಾಲಿಗೆ ಅದು ಬೇರೆ ಊರಿನ ದೀಪ.

ಅವರ ಕೆಲಸ ಕಡಿಮೆ ಮಾಡಿದವನು ಸ್ವೀಡನ್ನಿನ ಗುಸ್ತಾಫ್ ಡಲೇನ್. ಅಸಿಟಿಲೀನ್ ಅನಿಲದ ದೀಪಕ್ಕೆ ಅವನೊಂದು ಕವಾಟ ಮಾಡಿದ. ಅದರಲ್ಲಿ ಒಂದು ಕಪ್ಪು ಸರಳು. ಸೂರ್ಯ ಬಂದರೆ ಕಪ್ಪು ಸರಳು ಬೆಳಕು ಹೀರಿ, ಬಿಸಿಯಾಗಿ ಉದ್ದವಾಗುತ್ತದೆ, ಅನಿಲ ನಿಲ್ಲುತ್ತದೆ. ಕತ್ತಲಾದರೆ ಕುಗ್ಗುತ್ತದೆ, ಅನಿಲ ಬರುತ್ತದೆ, ದೀಪ ಹತ್ತುತ್ತದೆ. ಕರೆಂಟು ಬೇಡ, ಮನುಷ್ಯ ಬೇಡ. 1912ರ ಭೌತಶಾಸ್ತ್ರದ ನೊಬೆಲ್ ಇದಕ್ಕೆ ಬಂತು. ನಮ್ಮ ರಾಮನ್ ಅವರಿಗೆ 1930ರಲ್ಲಿ ಬಂದ ಅದೇ ಬಹುಮಾನ. ಅದೇ 1912ರಲ್ಲಿ, ಅನಿಲದ ಸಿಲಿಂಡರು ಪರೀಕ್ಷೆ ಮಾಡುವಾಗ ಸ್ಫೋಟವಾಗಿ ಡಲೇನ್ ಎರಡೂ ಕಣ್ಣು ಕಳೆದುಕೊಂಡ. ಬಹುಮಾನ ತೆಗೆದುಕೊಳ್ಳಲು ಹೋದದ್ದು ಅವನ ಅಣ್ಣತಮ್ಮಂದಿರಲ್ಲಿ ಒಬ್ಬ, ಕಣ್ಣಿನ ಡಾಕ್ಟರು. ಡಲೇನ್ ಆಮೇಲೂ 25 ವರ್ಷ, ಸಾಯುವವರೆಗೆ, ಕಂಪನಿ ನಡೆಸಿದ.

ಹಣದ ಮಾತು ಬರಲೇಬೇಕು, ಅದಿಲ್ಲದೆ ಬೆಂಗಳೂರಿನಲ್ಲಿ ಯಾವ ಮಾತೂ ಮುಗಿಯುವುದಿಲ್ಲ. ಲೈಟ್‌ಹೌಸಿನ ಬೆಳಕಿಗೆ ಟಿಕೆಟ್ ಹರಿಯಲು ಆಗುವುದಿಲ್ಲ. ಕಂಡವರಿಗೆಲ್ಲ ಕಾಣುತ್ತದೆ. ಹಾಗಾಗಿ ಇದನ್ನು ಸರ್ಕಾರವೇ ಮಾಡಬೇಕು, ವ್ಯಾಪಾರಿ ಮಾಡಲಾರ ಅಂತ ಅರ್ಥಶಾಸ್ತ್ರದವರು ಬಹಳ ಕಾಲ ಉದಾಹರಣೆ ಕೊಡುತ್ತಿದ್ದರು. 1974ರಲ್ಲಿ ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞ ಹಳೇ ದಾಖಲೆ ತೆಗೆದು, ಇಂಗ್ಲೆಂಡಿನಲ್ಲಿ ಖಾಸಗಿಯವರೇ ಎಷ್ಟೋ ಲೈಟ್‌ಹೌಸ್ ಕಟ್ಟಿ ನಡೆಸಿದ್ದಾರೆ, ಹಣ ವಸೂಲಿಯಾದದ್ದು ಬಂದರಿನಲ್ಲಿ ಅಂತ ತೋರಿಸಿದ. ರಾಜನ ಪರವಾನಗಿ, ಕಡ್ಡಾಯ ವಸೂಲಿ ಇಲ್ಲದೆ ಅದೂ ನಡೆಯುತ್ತಿರಲಿಲ್ಲ ಅಂತ ಇನ್ನು ಕೆಲವರು ವಾದಿಸಿದರು. ನನಗೆ ಎರಡನೆಯವರ ಮಾತು ಸರಿ ಕಾಣುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಮೇಲೊಂದು ದೊಡ್ಡ ದೀಪ ಇದೆ. ಅದರ ಬೆಳಕಿನಲ್ಲಿ ಹೂವಿನ ಗಾಡಿಯವರು ನಿಲ್ಲುತ್ತಾರೆ, ಎದುರು ಮನೆಯವರು ಸ್ಕೂಟರ್ ನಿಲ್ಲಿಸುತ್ತಾರೆ. ಅವರಿಂದಲೂ ಸ್ವಲ್ಪ ತಗೋಬೇಕು ಅಲ್ವಾ ಅಂತ ಮೀಟಿಂಗಿನಲ್ಲಿ ಒಬ್ಬರು ಎತ್ತಿದರು. ಯಾರು ಹೋಗಿ ಕೇಳುವುದು ಅನ್ನುವಲ್ಲಿಗೆ ಮಾತು ನಿಂತಿತು.

ಭಾರತದಲ್ಲಿ 1927ರ ಕಾಯಿದೆಯಿಂದ ಇದೊಂದು ಹದಕ್ಕೆ ಬಂತು. ಬಂದರಿಗೆ ಬರುವ ಹಡಗು ತನ್ನ ಗಾತ್ರದ ಲೆಕ್ಕದಲ್ಲಿ ದೀಪದ ಸುಂಕ ಕಟ್ಟಬೇಕು. 2021ರಲ್ಲಿ ಹೊಸ ಕಾಯಿದೆ ಬಂದರೂ ಸುಂಕದ ಪದ್ಧತಿ ಉಳಿದಿದೆ. ದೊಡ್ಡ ಹಡಗು ಕೊಟ್ಟ ದುಡ್ಡಿನಲ್ಲಿ ಉರಿಯುವ ದೀಪ, ಗಂಗೊಳ್ಳಿಯ ಸಣ್ಣ ದೋಣಿಗೂ ಕಾಣುತ್ತದೆ. ನನಗೆ ಈ ಏರ್ಪಾಡು ಬಹಳ ಇಷ್ಟ.

ಈಗೆಲ್ಲ ಜಿಪಿಎಸ್ ಇದೆಯಲ್ಲ, ಲೈಟ್‌ಹೌಸ್ ಯಾಕೆ ಅಂತ ಕೇಳುವುದು ಸಹಜ. ಶೆಟ್ರಿಗೂ ಕೇಳಿದೆ. ಅವರು ಉಪಗ್ರಹಗಳನ್ನು ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. “ಅದೂ ಲೈಟ್‌ಹೌಸೇ, ಮೇಲೆ ಉಂಟು ಅಷ್ಟೇ,” ಅಂದರು.

ಯೋಚಿಸಿ ನೋಡಿದರೆ ನಿಜ. ಉಪಗ್ರಹಕ್ಕೆ ನೀವೆಲ್ಲಿದ್ದೀರಿ ಅಂತ ಗೊತ್ತಿಲ್ಲ. ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು ಅಂತ ಅದು ಸಾರುತ್ತಲೇ ಇರುತ್ತದೆ. ನಿಮ್ಮ ಫೋನು ಕೇಳಿಸಿಕೊಂಡು, ನಾಲ್ಕಾರು ಉಪಗ್ರಹಗಳ ಲೆಕ್ಕ ಸೇರಿಸಿ ನೀವಿರುವ ಜಾಗ ಕಂಡುಹಿಡಿಯುತ್ತದೆ. ಪೆನ್ಸಿಲು ಸ್ಕೇಲಿನ ಕೆಲಸವೇ. ನಿಮ್ಮ ಓಡಾಟವನ್ನು ಬೇರೆಯವರಿಗೆ ಹೇಳುವುದು ಉಪಗ್ರಹವಲ್ಲ, ಫೋನಿನೊಳಗಿನ ಆ್ಯಪು. ಬೈಯುವುದಾದರೆ ಅದನ್ನು ಬೈಯಬೇಕು. ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡವರನ್ನು ಎಣಿಸುವುದು, ಯಾವ ಹೋಟೆಲಿಗೆ ಹೋದಿರಿ ಅಂತ ಸಂಜೆ ಕೇಳುವುದು, ಎಲ್ಲ ಅದರದ್ದೇ.

ಗಡಿಯಾರಕ್ಕೆ ಕೀ ಕೊಡುವ ಕೆಲಸ ಇಲ್ಲೂ ತಪ್ಪಿಲ್ಲ. ಬೆಳಕು, ರೇಡಿಯೋ ಅಲೆ ಎರಡೂ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರ್ ಓಡುತ್ತವೆ. ಉಪಗ್ರಹದ ಗಡಿಯಾರ ಅಷ್ಟು ತಪ್ಪಿದರೂ ಸಾಕು, ವಿಜಯನಗರದಲ್ಲಿ ನಿಂತವರನ್ನು ಪಕ್ಕದ ಬಡಾವಣೆಯಲ್ಲಿ ತೋರಿಸುತ್ತದೆ. ಅದಕ್ಕೇ ಪರಮಾಣು ಗಡಿಯಾರ. ಜಿಪಿಎಸ್ ತರಹದ ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿತು. ಅದರ ಗಡಿಯಾರಗಳು ಕೆಲವೇ ವರ್ಷದಲ್ಲಿ ಕೈಕೊಟ್ಟವು. 2023ರಲ್ಲಿ ಹಾರಿದ ಉಪಗ್ರಹದಲ್ಲಿ ಇಲ್ಲೇ ತಯಾರಾದ ಪರಮಾಣು ಗಡಿಯಾರ ಇತ್ತು. ಇವುಗಳ ಸಮಯವನ್ನೆಲ್ಲ ಸರಿ ನೋಡಿಕೊಳ್ಳುವ ಕೇಂದ್ರ ಇರುವುದು ಎಲ್ಲಿ ಗೊತ್ತಾ? ಬ್ಯಾಲಾಳು. ಕೆಂಗೇರಿ ದಾಟಿ ಒಳಗೆ ಹೋದರೆ ಸಿಗುವ, ರಾಗಿ ಹೊಲಗಳ ನಡುವಿನ ಹಳ್ಳಿ. ಡೆಹ್ರಾಡೂನು, ನೋಯ್ಡಾದ ಸಾಲಿಗೆ ಇನ್ನೊಂದು ಸಮುದ್ರವಿಲ್ಲದ ಊರು.

ದೀಪದ ಸ್ವಿಚ್ಚು ಯಾರ ಕೈಯಲ್ಲಿದೆ ಅನ್ನುವ ಪ್ರಶ್ನೆ ಮಾತ್ರ ಈಗ ದೊಡ್ಡದಾಗಿದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಸ್ವಲ್ಪ ತಪ್ಪಾಗಿ ಕಳಿಸುತ್ತಿತ್ತು. ಒಂದು ದಿನ ನಿಲ್ಲಿಸಿತು, ಎಲ್ಲರ ಲೆಕ್ಕವೂ ರಾತ್ರೋರಾತ್ರಿ ಸರಿಯಾಯಿತು. 2017ರ ಜೂನಿನಲ್ಲಿ ಕಪ್ಪು ಸಮುದ್ರದಲ್ಲಿದ್ದ ಹಲವು ಹಡಗುಗಳ ಯಂತ್ರ, ನೀವು ದಡದೊಳಗಿನ ವಿಮಾನ ನಿಲ್ದಾಣದಲ್ಲಿದ್ದೀರಿ ಅಂತ ತೋರಿಸಿತು. ಯಾರೋ ಸುಳ್ಳು ಸಂಕೇತ ಹರಡಿದ್ದರು. ಶೆಟ್ರ ತಕರಾರು ಇರುವುದು ಇಲ್ಲೇ. “ಲೈಟ್‌ಹೌಸ್ ಹಾಳಾದರೆ ಕತ್ತಲೆ ಕಾಣುತ್ತದೆ, ಹಾಳಾಗಿದೆ ಅಂತ ಗೊತ್ತಾಗುತ್ತದೆ. ಇದು ಹಾಳಾದರೂ ಚುಕ್ಕಿ ತೋರಿಸ್ತಾ ಇರ್ತದೆ.” ಅವರ ಊರಿನ ಬೋಟುಗಳಲ್ಲೂ ಈಗ ಜಿಪಿಎಸ್, ಮೀನು ಹುಡುಕುವ ಯಂತ್ರ, ಎಲ್ಲ ಇವೆ. ಆದರೆ ನದಿ ಕಡಲು ಸೇರುವ ಅಳಿವೆಯೊಳಗೆ ಬರುವಾಗ ಬೋಟು ನಡೆಸುವ ತಾಂಡೇಲ ಕಣ್ಣೆತ್ತಿ ದಡದ ದೀಪ ನೋಡುತ್ತಾನೆ. ಅಳಿವೆಯ ಬಾಯಿಯ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ಪರದೆಯ ಮೇಲಿನ ನಕ್ಷೆಗೆ ಅದು ತಿಳಿದಿರುವುದಿಲ್ಲ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 75 ಲೈಟ್‌ಹೌಸ್‌ಗಳನ್ನು ಪ್ರವಾಸಿ ತಾಣಗಳಾಗಿ ಉದ್ಘಾಟಿಸಿತು. ಉದ್ಯಾನ, ಮಕ್ಕಳ ಆಟದ ಜಾಗ, ಇತ್ಯಾದಿ. ಕೆಲವರಿಗೆ ಇದು ಸರಿ ಕಾಣುವುದಿಲ್ಲ. ನನಗೇನೂ ಬೇಸರವಿಲ್ಲ. ಜನ ಮೆಟ್ಟಿಲು ಹತ್ತಲಿ. ಒಂದು ಬೋರ್ಡಿನಲ್ಲಿ ಆ ದೀಪ ಎಷ್ಟು ಸೆಕೆಂಡಿಗೆ ಎಷ್ಟು ಸಲ ಹೊಳೆಯುತ್ತದೆ ಅಂತ ದೊಡ್ಡದಾಗಿ ಬರೆದು, ಕತ್ತಲಾಗುವವರೆಗೆ ಜನರನ್ನು ಇರಗೊಟ್ಟರೆ ಇನ್ನೂ ಚೆನ್ನ.

ಮೊನ್ನೆ ಭಾನುವಾರ ಶೆಟ್ರನ್ನು ಕಾರಿನಲ್ಲಿ ಕೂರಿಸಿಕೊಂಡು ಬ್ಯಾಲಾಳು ಕಡೆಗೆ ಹೋದೆ. ಒಳಗೆ ಹೋಗುವ ಯೋಚನೆ ಇರಲಿಲ್ಲ. ಚಂದ್ರಯಾನದ ಮಾತು ಕೇಳಿಸಿಕೊಂಡ 32 ಮೀಟರಿನ ದೊಡ್ಡ ಬೋಗುಣಿಯಂಥ ಆಂಟೆನಾ ದೂರದಿಂದಲೇ ಕಾಣುತ್ತದೆ. ರಸ್ತೆ ಬದಿಯಲ್ಲಿ ನಿಲ್ಲಿಸಿ ನನ್ನ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿಸಿದರು. ನೆಟ್‌ವರ್ಕ್ ಇಲ್ಲ, ಏನೂ ಇಲ್ಲ. ಉಪಗ್ರಹಗಳ ಪಟ್ಟಿ ತೋರಿಸುವ ಆ್ಯಪು ತೆರೆದರೆ ಸಾಲಾಗಿ ಬಂದವು, ಕೆಲವದರ ಪಕ್ಕ ನಮ್ಮ ಬಾವುಟ. ಅಕ್ಷಾಂಶ ರೇಖಾಂಶ ಬಂತು. ಶೆಟ್ರು ಬಾನೆಟ್ಟಿನ ಮೇಲೆ ಹಳೇ ಮ್ಯಾಪು ಹಾಸಿ, ಸ್ಕೇಲು ಇಟ್ಟು ಗುರುತು ಹಾಕಲು ಹೊರಟರು. ಬ್ಯಾಲಾಳು ಮ್ಯಾಪಿನ ಹೊರಗಿತ್ತು. ಅಂಚಿನ ಆಚೆ ಬಾನೆಟ್ಟಿನ ಮೇಲೇ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟು, “ಇಲ್ಲಿ ಉಂಟು ನಾವು,” ಅಂದರು. ತಟ್ಟೆ ಇಡ್ಲಿಗೆ ಬಿಡದಿಗೆ ಹೊರಡುವಾಗ ನಾನು ಅದನ್ನು ಒರೆಸಲು ಹೋದೆ, ಬೇಡ ಅಂದರು.